ಗೆಲ್ಲುವ ಸ್ಥಿತಿ

ಎಂಟು ತಿಂಗಳಲ್ಲಿ ಸುಮಂಗಲಾ ಬೆಟಗೇರಿ ನಲವತ್ತೊಂದು ಸಾವಿರ ಚದುರಂಗದ ಸ್ಥಿತಿಗಳನ್ನು ನೋಡಿದಳು. ಒಂದನ್ನೂ ಆಡಲಿಲ್ಲ. ಹುಬ್ಬಳ್ಳಿಯ ಹೊರವಲಯದಲ್ಲಿದ್ದ ಪ್ರಜ್ಞಾಂಕ ಸಂಶೋಧನಾ ಸಂಸ್ಥೆಯ ತಂಪು ಕೋಣೆಯಲ್ಲಿ ಅವಳು ಪರದೆಯ ಎದುರು ಕೂರುತ್ತಿದ್ದಳು. ತಲೆಗೆ ಬಟ್ಟೆಯ ಪಟ್ಟಿ, ಬೆರಳಿಗೆ ಕ್ಲಿಪ್ಪು, ಹೊಟ್ಟೆಯ ಮೇಲೆ ಅಂಟಿಸಿದ ನಾಲ್ಕು ಬಿಲ್ಲೆಗಳು. ಯಾರೋ ಎಲ್ಲೋ ಆಡಿದ ಆಟದ ನಡುವಿನ ಒಂದು ಸ್ಥಿತಿ ಪರದೆಯ ಮೇಲೆ ಆರು ಸೆಕೆಂಡ್ ನಿಂತು ಮಾಯವಾಗುತ್ತಿತ್ತು, ಇನ್ನೊಂದು ಬರುತ್ತಿತ್ತು. ಬಿಳಿ ಕಾಯಿ ತನ್ನದು ಎಂದುಕೊಂಡು ನೋಡಬೇಕು, ಅಷ್ಟೇ. ಬಾಯಿಬಿಟ್ಟು ಏನನ್ನೂ ಹೇಳುವಂತಿರಲಿಲ್ಲ. ಅವಳ ಮೈ ಹೇಳುವುದನ್ನು ಯಂತ್ರ ಕೇಳಿಸಿಕೊಳ್ಳುತ್ತಿತ್ತು.

ಈ ಯೋಜನೆ ಡಾ. ನಫೀಸಾ ಸವಣೂರಳದು. ಯಾವ ನಡೆ ಒಳ್ಳೆಯದು ಎಂದು ಕಂಪ್ಯೂಟರುಗಳು ಹೇಳತೊಡಗಿ ದಶಕಗಳೇ ಆಗಿದ್ದವು. ಆದರೆ ಅವು ಕೊಡುವುದು ಒಂದು ಅಂಕಿ. ಆ ಅಂಕಿಯನ್ನು ನೋಡಿ ಮಗು ತಲೆಯಾಡಿಸುತ್ತದೆ, ಮಾರನೆಯ ದಿನ ಅದೇ ತಪ್ಪು ಮಾಡುತ್ತದೆ. ಪಳಗಿದ ಆಟಗಾರರಿಗೆ ಮಾತ್ರ ಲೆಕ್ಕ ಹಾಕುವ ಮೊದಲೇ ಮೈಗೆ ಗೊತ್ತಾಗಿಬಿಡುತ್ತದೆ. ಇಲ್ಲಿ ಏನೋ ಸರಿಯಿಲ್ಲ, ಇಲ್ಲಿ ನೆಮ್ಮದಿಯಿದೆ ಎಂದು. ಇಪ್ಪತ್ತು ವರ್ಷ ಆಡಿದ ಮೇಲೆ ಬರುವ ಆ ಅರಿವನ್ನೇ ಒಬ್ಬರ ಮೈಯಿಂದ ಇನ್ನೊಬ್ಬರ ಮೈಗೆ ದಾಟಿಸಲು ಸಾಧ್ಯವಾದರೆ? ನಫೀಸಾ ಆರು ವರ್ಷ ಈ ಪ್ರಶ್ನೆಯ ಹಿಂದೆ ಬಿದ್ದಿದ್ದಳು. ಕೊನೆಗೆ ಅವಳ ತಂಡ ಮಕ್ಕಳಿಗಾಗಿ ತಲೆಗೆ ಕಟ್ಟುವ ಒಂದು ಪಟ್ಟಿ ತಯಾರಿಸಿತು. ಅದನ್ನು ಕಟ್ಟಿಕೊಂಡು ಆಡುವಾಗ ಕಿವಿಯ ಹಿಂದಿನ ನರಕ್ಕೆ ಸಣ್ಣ ಮಿಡಿತ ಹೋಗುತ್ತದೆ. ಸ್ಥಿತಿ ಕೆಟ್ಟಿದ್ದರೆ ಹೊಟ್ಟೆಯಲ್ಲಿ ಕಸಿವಿಸಿ, ಒಳ್ಳೆಯದಿದ್ದರೆ ಎದೆ ಹಗುರ. ನಾಲ್ಕು ತಿಂಗಳಾದ ಮೇಲೆ ಪಟ್ಟಿ ಬಿಚ್ಚಿದರೂ ಆ ಅರಿವು ಮಗುವಿನಲ್ಲೇ ಉಳಿದುಬಿಡುತ್ತದೆ.

ಯಾರ ಮೈಯ ಅರಿವು? ದೊಡ್ಡ ದೊಡ್ಡ ಬಿರುದಿನವರನ್ನು ಕರೆಸಿ ನೋಡಿದ್ದರು. ಅವರೆಲ್ಲ ಆರು ಸೆಕೆಂಡಿನಲ್ಲೇ ನಡೆಗಳನ್ನು ಲೆಕ್ಕ ಹಾಕಲು ತೊಡಗುತ್ತಿದ್ದರು, ಮೈ ಮಾತಾಡುವಷ್ಟರಲ್ಲಿ ತಲೆ ಬಾಯಿ ಹಾಕುತ್ತಿತ್ತು. ಸುಮಂಗಲಾ ಹಾಗಲ್ಲ. ಐವತ್ತಾರು ವರ್ಷದ ಅವಳು ಒಂದು ಹೈಸ್ಕೂಲಿನಲ್ಲಿ ಮಕ್ಕಳಿಗೆ ಚೆಸ್ ಕಲಿಸುತ್ತಿದ್ದಳು. ಬಿರುದಿಲ್ಲ, ಪದಕವಿಲ್ಲ. ಆದರೆ ಹತ್ತು ಬೋರ್ಡುಗಳ ನಡುವೆ ಕೈಕಟ್ಟಿಕೊಂಡು ನಡೆಯುತ್ತ ಒಂದರ ಎದುರು ನಿಂತು, “ಕಾಯಿ ಎಣಿಸಬ್ಯಾಡ. ಯಾವ ಕಾಯಿ ಖಾಲಿ ಕುಂತೈತಿ ನೋಡು. ನಿನ್ನ ಒಂಟಿ, ಈ ಬಿಷಪ್ಪು, ನಿನ್ನ ಕಾಲಾಳಿನ ಹಿಂದ ಸಿಕ್ಕೊಂಡೈತಿ, ಅದಕ್ಕ ಕಿಟಕಿ ಇಲ್ಲ. ಮೊದಲ ಒಂದ್ ಕಿಟಕಿ ತಗಿ,” ಎನ್ನುತ್ತಿದ್ದಳು. ನಫೀಸಾಳ ಯಂತ್ರ ಪರೀಕ್ಷಿಸಿದ ಅರವತ್ತು ಜನರಲ್ಲಿ ಕಂಪ್ಯೂಟರಿನ ತೀರ್ಪಿಗೆ ಎಲ್ಲರಿಗಿಂತ ಹತ್ತಿರವಿದ್ದುದು ಅವಳ ಹೊಟ್ಟೆ.

ಮೊದಲ ತಂಡಕ್ಕೆ ಸಾವಿರದ ನೂರು ಮಕ್ಕಳು ಸೇರಿದರು. ಅವರಲ್ಲಿ ಒಬ್ಬಳು ಇಂಚರಾ, ಸುಮಂಗಲಾಳ ಅಣ್ಣ ಪ್ರಭುಲಿಂಗನ ಮಗಳು.

ಪ್ರಭುಲಿಂಗನ ಮನೆ ಕೇಶ್ವಾಪುರದಲ್ಲಿತ್ತು. ಕೆಳಗೆ ಅವನ ಸಂಸಾರ, ಮೇಲಿನ ಎರಡು ಕೋಣೆಗಳಲ್ಲಿ ಮದುವೆಯಾಗದ ಸುಮಂಗಲಾ. ಅವನು ಒಂದು ಕಾಲದ ನಾಮಾಂಕಿತ ಆಟಗಾರ. ಕ್ರೀಡಾ ಕೋಟಾದಲ್ಲಿ ಸರ್ಕಾರಿ ನೌಕರಿ ಹಿಡಿದು, ಮೇಲಧಿಕಾರಿಯಾಗಿ ನಿವೃತ್ತನಾಗಿದ್ದ. ನಡುಮನೆಯ ಗಾಜಿನ ಬೀರುವಿನ ತುಂಬ ಅವನ ಟ್ರೋಫಿಗಳು. ತಡವಾಗಿ ಹುಟ್ಟಿದ ಮಗಳು ತನ್ನ ಹೆಸರು ಮುಂದುವರಿಸಬೇಕು ಎಂಬ ಆಸೆ ಅವನಿಗೆ. ಆದರೆ ಹದಿನೈದರ ಇಂಚರಾಗೆ ಆಟದಲ್ಲಿ ಕಾಯಿ ಹೊಡೆಯುವುದೊಂದೇ ಕಾಣುತ್ತಿತ್ತು.

ಪಟ್ಟಿ ಕಟ್ಟಿದ ಮೂರನೆಯ ತಿಂಗಳು ಅವಳು ಮೇಲಿನ ಕೋಣೆಗೆ ಓಡಿ ಬಂದಳು.

“ಅತ್ತಿ, ಇವತ್ತ ಕುದುರಿ ಹೊಡಿಯೂ ಅವಕಾಶ ಇತ್ತು. ಹೊಡೀಲಿಲ್ಲ.”

“ಯಾಕ?”

“ಹೊಡದ್ರ ರಾಜನ ಮುಂದಿನ ಮನಿ ಬರೇ ಆಗ್ತಿತ್ತು. ಲೆಕ್ಕ ಏನೂ ಹಾಕಲಿಲ್ಲ ನಾ. ಹಂಗ ಸುಮ್ನ, ಹೊಟ್ಯಾಗ ಒಂಥರಾ ಆತು.”

ಸುಮಂಗಲಾ ಅವಳನ್ನು ತಬ್ಬಿಕೊಂಡಳು. ಯಾರಿಗೂ ಮಾತಿನಲ್ಲಿ ಹೇಳಿಕೊಡಲಾಗದ್ದು ಕೊನೆಗೂ ಇನ್ನೊಂದು ಜೀವಕ್ಕೆ ಮುಟ್ಟಿತ್ತು. ತನ್ನದು ಎನ್ನುವಂಥದ್ದೊಂದು ಲೋಕದಲ್ಲಿ ಉಳಿಯುತ್ತದೆ ಎಂದು ಅವಳಿಗೆ ಅನ್ನಿಸಿದ್ದು ಅದೇ ಮೊದಲು.

ಮುಂದಿನ ವರ್ಷ ‘ಹುಬ್ಬಳ್ಳಿ ಮಕ್ಕಳು’ ಎಂಬ ಹೆಸರು ರಾಜ್ಯದ ತುಂಬ ಹರಡಿತು. ಇವರನ್ನು ಸೋಲಿಸುವುದು ಕಷ್ಟ ಎಂದು ಪತ್ರಿಕೆಗಳು ಬರೆದವು. ಹನ್ನೆರಡು ವರ್ಷದ ಹುಡುಗನೊಬ್ಬ ಬಿರುದಾಂಕಿತನ ಜೊತೆ ಸಮ ಮಾಡಿಕೊಂಡ. ಇಂಚರಾ ಸತತ ಇಪ್ಪತ್ತಾರು ಆಟ ಸೋಲಲಿಲ್ಲ. ಸಂಸ್ಥೆಯ ಮುಖ್ಯಸ್ಥ ದೇಶಪಾಂಡೆ ದೆಹಲಿಗೆ ಹೋಗಿ ಹಾರ ಹಾಕಿಸಿಕೊಂಡು ಬಂದ. ಸೋಲದ ಈ ಮಕ್ಕಳು ಗೆಲ್ಲುವುದೂ ಇಲ್ಲ ಎಂಬುದನ್ನು ಬಹಳ ದಿನ ಯಾರೂ ಗಮನಿಸಲಿಲ್ಲ.

ಗಮನಕ್ಕೆ ಬಂದದ್ದು ದಾವಣಗೆರೆಯ ರಾಜ್ಯ ಪಂದ್ಯದಲ್ಲಿ. ಕೊನೆಯ ಸುತ್ತು. ಇಂಚರಾ ಎರಡು ಕಾಲಾಳು ಮುಂದಿದ್ದಳು. ಅವಳ ಆನೆ ಎದುರಾಳಿಯ ರಾಜನನ್ನು ಮೂಲೆಗೆ ಒತ್ತಿ ನಿಂತಿತ್ತು. ಎದುರಿಗಿದ್ದ ಹುಡುಗಿ ಸೋಲೊಪ್ಪಿ ಸಹಿ ಹಾಕಲು ಪೆನ್ನು ಕೂಡ ತೆಗೆದಿದ್ದಳು. ಅಷ್ಟರಲ್ಲಿ ಇಂಚರಾ ಕೈ ಚಾಚಿ, “ಡ್ರಾ?” ಎಂದಳು. ಆ ಹುಡುಗಿ ನಂಬಲಾಗದೆ ಒಂದು ಕ್ಷಣ ಮುಖ ನೋಡಿ, ಕೈ ಹಿಡಿದುಕೊಂಡುಬಿಟ್ಟಳು.

ಹೊರಗೆ ಬಂದ ಮಗಳ ಮೇಲೆ ಪ್ರಭುಲಿಂಗ ಹರಿಹಾಯ್ದ. “ಕೈಯಾಗಿದ್ದ ಆಟ! ಯಾಕ ಬಿಟ್ಟಿ? ಹುಚ್ಚು ಹಿಡಿದೈತೇನು ನಿನಗ?”

ಇಂಚರಾಳ ತುಟಿ ಬಿಳಿಚಿತ್ತು. “ಎದಿ ಢವಢವ ಅಂತು ಅಪ್ಪಾ. ಇನ್ನೊಂದ್ ನಡಿ ಆಡಿದ್ರ ಏನೋ ಕೆಟ್ಟದ್ದು ಆಗತೈತಿ ಅನಿಸ್ತು. ಡ್ರಾ ಅಂದಮ್ಯಾಲ ಉಸುರು ಬಂತು.”

ಪಕ್ಕದಲ್ಲಿ ಸುಮಂಗಲಾ ನೀರಿನ ಬಾಟಲಿ ಹಿಡಿದು ನಿಂತಿದ್ದಳು. ಮಗು ಹೇಳಿದ ಒಂದೊಂದು ಮಾತೂ ಅವಳಿಗೆ ಗೊತ್ತಿತ್ತು. ಆ ಢವಢವ, ಆ ಉಸಿರು.

ಮಾರನೆಯ ದಿನವೇ ಅವಳು ನಫೀಸಾಳ ಎದುರು ಕೂತಳು. ನಫೀಸಾ ಹಳೆಯ ದಾಖಲೆಗಳನ್ನೆಲ್ಲ ತೆಗೆದು ಎರಡು ದಿನ ಜಾಲಾಡಿದಳು. ಮೂರನೆಯ ದಿನ ಪರದೆಯ ಮೇಲೆ ಒಂದು ಗೆರೆ ಮೂಡಿಸಿದಳು.

“ಟೀಚರ್, ಇಲ್ಲಿ ನೋಡ್ರಿ. ಆಟ ಸಮ ಇದ್ದಾಗ, ಇಲ್ಲಾ ಸ್ವಲ್ಪ ಮೇಲುಗೈ ಇದ್ದಾಗ, ನಿಮ್ಮ ಮೈ ಹೇಳಿದ್ದೆಲ್ಲಾ ಖರೆ ಐತಿ. ನಾವು ಪರೀಕ್ಷೆ ಮಾಡಿದ್ದೂ ಇಷ್ಟರೊಳಗನ. ಗೆದ್ದ ಸ್ಥಿತಿ ಯಾರಿಗಾದ್ರೂ ಗೊತ್ತಾಗತೈತಿ, ಅದನ್ನ ಯಾಕ ತಾಳೆ ನೋಡೂದು ಅಂತ ಬಿಟ್ಟಿದ್ವಿ. ತಪ್ಪು ನಂದ.” ಅವಳು ಬೆರಳನ್ನು ಬಲಕ್ಕೆ ಸರಿಸಿದಳು. ಏರುತ್ತ ಹೋಗಿದ್ದ ಗೆರೆ ಅಲ್ಲಿ ಬಾವಿಗೆ ಬಿದ್ದಂತೆ ಕುಸಿದಿತ್ತು. “ಪೂರ್ತಿ ಗೆಲ್ಲೂ ಸ್ಥಿತಿ ಬಂದ ಕೂಡ್ಲೆ ನಿಮ್ಮ ಹೊಟ್ಟಿ ಹಿಂಡತೈತಿ. ಸೋಲೂ ಸ್ಥಿತಿ ನೋಡಿದಾಗ ಸೈತ ಇಷ್ಟು ಹಿಂಡಿಲ್ಲ. ಯಂತ್ರ ಅದನ್ನೂ ಹಂಗ ಕಲ್ತೈತಿ. ಮಕ್ಕಳಿಗೂ ಹಂಗ ಕೊಟ್ಟೈತಿ.”

ಸುಮಂಗಲಾ ಆ ಕುಸಿದ ಗೆರೆಯನ್ನೇ ನೋಡುತ್ತಿದ್ದಳು.

“ಬರೇ ಆಟ ಅಲ್ರಿ,” ನಫೀಸಾಳ ದನಿ ತಗ್ಗಿತು. “ನಿನ್ನೆ ಹತ್ತಾರು ಮನಿಗೆ ಫೋನ್ ಮಾಡಿದ್ದೆ. ಒಬ್ಬಾಕಿ ಪರೀಕ್ಷೆದಾಗ ಎಲ್ಲಾ ಬರದು ಕಡೀ ಪ್ರಶ್ನೆ ಬೇಕಂತನ ಬಿಟ್ಟು ಬಂದಾಳ. ಇನ್ನೊಬ್ಬಾಂವ ಓಟದಾಗ ಮುಂದಿದ್ದಾಂವ ಗೆರಿ ಹತ್ರ ನಿಂತಾನ. ಯಾಕಂತ ಕೇಳಿದ್ರ ಅವಕ್ಕ ಗೊತ್ತಿಲ್ಲ. ಟೀಚರ್, ನಿಮಗ ಏನಾಗಿತ್ತು?”

ಯಾರೂ ಈ ಪ್ರಶ್ನೆ ಕೇಳಿರಲಿಲ್ಲ. ನಲವತ್ತು ವರ್ಷ ಅವಳೂ ಕೇಳಿಕೊಂಡಿರಲಿಲ್ಲ.

ಅವಳ ಅಪ್ಪ ಗದಗದ ಒಂದು ಮುದ್ರಣಾಲಯದಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಿದ್ದರು. ಆಟ ಕಲಿಸಿದ್ದು ಅಣ್ಣನಿಗೆ. ಅಣ್ಣನಿಗೆ ಜೊತೆ ಬೇಕಲ್ಲ ಎಂದು ಅವಳಿಗೂ. ಹನ್ನೆರಡು ತುಂಬುವ ಹೊತ್ತಿಗೆ ಅವಳು ಅಣ್ಣನನ್ನು ಸೋಲಿಸತೊಡಗಿದಳು. ಸೋಲಿಸಿದ ದಿನ ಅಣ್ಣ ಚದುರಂಗದ ಹಾಸು ಎತ್ತಿ ಎಸೆಯುತ್ತಿದ್ದ. ಅಪ್ಪ ಅವಳಿಗೆ ಏನೂ ಅನ್ನುತ್ತಿರಲಿಲ್ಲ. ಅಡುಗೆಮನೆಗೆ ಹೋಗಿ ಅವ್ವನನ್ನು ಬೈಯುತ್ತಿದ್ದರು. ಹೆಣ್ಣುಮಗಳನ್ನು ಹೀಗೆ ಬೆಳೆಸುತ್ತಾರೇನು, ನಾಳೆ ಗಂಡನ ಮನೆಯಲ್ಲಿ ಬಾಳುತ್ತಾಳೇನು ಎಂದು. ಕೆಲವು ಸಲ ಕೈಯೂ ಎತ್ತುತ್ತಿದ್ದರು. ತಾನು ಒಳ್ಳೆಯ ನಡೆ ಆಡಿದರೆ ಒಳಗೆ ಅವ್ವ ಅಳುತ್ತಾಳೆ. ಹುಡುಗಿ ಕಲಿತದ್ದು ಇಷ್ಟು.

ಅವಳಿಗೆ ಹದಿನೇಳಾದಾಗ ಒಂದು ದೊಡ್ಡ ಪಂದ್ಯ ನಡೆಯಿತು. ಮೊದಲು ಬಂದವರಿಗೆ ಕ್ರೀಡಾ ಕೋಟಾದ ನೌಕರಿಯ ಕರೆ. ಕೊನೆಯ ಸುತ್ತಿನಲ್ಲಿ ಎದುರುಬದುರಾದದ್ದು ಅಣ್ಣ ತಂಗಿಯೇ. ಸಮವಾದರೂ ಸಾಕು, ಅಣ್ಣ ಮೊದಲು. ಗೆದ್ದರೆ ಅವಳು. ಮಧ್ಯಾಹ್ನದ ಹೊತ್ತಿಗೆ ಅವಳು ಗೆಲ್ಲುವ ಸ್ಥಿತಿಯಲ್ಲಿದ್ದಳು. ಏಳು ನಡೆ ಬಾಕಿ, ಏಳೂ ಕಣ್ಣಿಗೆ ಕಾಣುತ್ತಿದ್ದವು. ಅಪ್ಪ ಬಂದು ಹಿಂದೆ ನಿಂತು ಅವಳ ಹೆಗಲ ಮೇಲೆ ಕೈಯಿಟ್ಟರು. ಹೆಬ್ಬೆರಳು ಮೆಲ್ಲಗೆ ಒತ್ತಿತು, ಅಷ್ಟೇ. ಅವಳು ಡ್ರಾ ಕೇಳಿದಳು. ಅಣ್ಣ ತಲೆಯೆತ್ತದೆ ಕೈ ಕೊಟ್ಟ.

“ಆಮ್ಯಾಲ ಯಾವ ಪಂದ್ಯಕ್ಕೂ ಹೋಗ್ಲಿಲ್ಲ,” ಎಂದಳು ಸುಮಂಗಲಾ. “ಕಲಿಸೂದು ಹಿಡಿದೆ. ಕಲಿಸೋರು ಗೆಲ್ಲಬೇಕಾಗಿಲ್ಲ ನೋಡ್ರಿ.”

ನಫೀಸಾ ಪರದೆ ಆರಿಸಿದಳು. ಬೇರೂರಿದ ಅರಿವನ್ನು ಕಿತ್ತು ತೆಗೆಯುವ ದಾರಿ ಅವಳ ಬಳಿ ಇರಲಿಲ್ಲ. ಈ ಹೆದರಿಕೆ ತಮ್ಮದಲ್ಲ, ಇನ್ನೊಬ್ಬರದು ಎಂದು ಮಕ್ಕಳಿಗೆ ತಿಳಿದರೆ, ಅದಕ್ಕೆ ಎದುರಾಗಿ ಮತ್ತೆ ಮತ್ತೆ ಆಡಿದರೆ, ಅದರ ಹಿಡಿತ ಸಡಿಲವಾಗಬಹುದು. ಆಗದೆಯೂ ಇರಬಹುದು. ಮೊದಲು ಮಕ್ಕಳಿಗೂ ಪಾಲಕರಿಗೂ ಹೇಳಬೇಕು. ಆದರೆ ದೇಶಪಾಂಡೆ ಖಡಾಖಂಡಿತವಾಗಿ ಬೇಡವೆಂದ. ಕರಾರಿನ ಪ್ರಕಾರ ಪ್ರಯೋಗಾಲಯದ ವಿಷಯ ಹೊರಗೆ ಹೇಳುವಂತಿಲ್ಲ. ಬೇರೊಬ್ಬ ಆಟಗಾರನನ್ನು ಕೂರಿಸಿ ಹೊಸ ಪಟ್ಟಿ ಮಾಡಿದರಾಯಿತು.

“ಮತ್ತ ಈ ಮಕ್ಕಳು?” ಎಂದು ನಫೀಸಾ ಕೇಳಿದಳು.

“ಅವರು ಶಾಂತ ಸ್ವಭಾವದವರು ಅಂತ ಬರೆಯೋಣ,” ಎಂದ ದೇಶಪಾಂಡೆ.

ಸುಮಂಗಲಾ ಮೊದಲು ಹೇಳಲು ಹೋದದ್ದು ಅಣ್ಣನಿಗೆ. ಪ್ರಭುಲಿಂಗ ನಡುಮನೆಯಲ್ಲಿ ಪೇಪರ್ ಓದುತ್ತಿದ್ದ. ಅವಳು ಎಲ್ಲವನ್ನೂ ಹೇಳಿ, “ಇಂಚರಾಗ ನೀನ ಹೇಳು ಅಣ್ಣಾ. ಅವತ್ತ ಏನಾತು ಅಂತ. ನಿನ್ನ ಬಾಯಿಂದ ಕೇಳಿದ್ರ ಆಕಿಗೆ ಧೈರ್ಯ ಬರತೈತಿ,” ಎಂದಳು.

ಅವನು ಪೇಪರನ್ನು ಮಡಿಸಿದ, ಮತ್ತೊಮ್ಮೆ ಮಡಿಸಿದ. “ಏನಾತು ಅವತ್ತ? ಡ್ರಾ ಯಾರು ಕೇಳಿದ್ರು? ನಾ ಕೇಳಿದ್ನೇನು?”

“ಇಲ್ಲ. ನಾನ ಕೇಳಿದೆ.”

“ಮತ್ತ? ನಲವತ್ತು ವರ್ಷ ಆದಮ್ಯಾಲ ನನ್ನ ನೌಕರಿ ನೀ ಭಿಕ್ಷಾ ಹಾಕಿದ್ದು ಅಂತ ಊರಿಗೆ ಸಾರ್ತೀಯೇನು? ಅಪ್ಪನ ಹೆಸರು ಕೆಡಸ್ತೀಯೇನು? ಸತ್ತಾರ ಅವ್ರು.”

“ಅವ್ರು ಸತ್ತಾರ. ನಿನ್ನ ಮಗಳು ಬದುಕ್ಯಾಳಲ್ಲ.”

ಪ್ರಭುಲಿಂಗ ಎದ್ದು ಒಳಗೆ ಹೋದ. ಬಾಗಿಲ ಸಂದಿಯಲ್ಲಿ ಇಂಚರಾ ನಿಂತಿದ್ದಳು. ಅವಳು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಸುಮಂಗಲಾ ಅವಳ ಕೈ ಹಿಡಿಯಲು ಹೋದಳು. ಹುಡುಗಿ ಕೈ ಹಿಂದಕ್ಕೆಳೆದುಕೊಂಡಳು.

“ಅಜ್ಜಗ ಹೆದರಿದ್ದು ನೀ. ಅನುಭವಿಸಾಕತ್ತಿದ್ದು ನಾ.” ಅವಳು ಒಂದು ಹೆಜ್ಜೆ ಹಿಂದೆ ಸರಿದಳು. “ನನಗ ಏನೂ ಆಗಿರಲಿಲ್ಲ ಅತ್ತಿ. ನನಗ ಯಾರೂ ಏನೂ ಮಾಡಿರಲಿಲ್ಲ. ನಾ ಖುಷಿಯಾಗಿ ಸೋಲ್ತಿದ್ದೆ, ಖುಷಿಯಾಗಿ ಗೆಲ್ತಿದ್ದೆ.”

ಇಂಚರಾ ಬಾಗಿಲು ಎಳೆದುಕೊಂಡು ಒಳಗೆ ಹೋದಳು.

ಮುಂದಿನ ವಾರ ಸಂಸ್ಥೆ ಪಾಲಕರ ಸಭೆ ಕರೆದಿತ್ತು. ದೇಶಪಾಂಡೆ ವೇದಿಕೆಯ ಮೇಲೆ ಚಿತ್ರ ತೋರಿಸಿ ಮಕ್ಕಳ ಶಾಂತ ಸ್ವಭಾವದ ಬಗ್ಗೆ ಮಾತಾಡಿದ. ಸುಮಂಗಲಾ ಮೂರನೆಯ ಸಾಲಿನಿಂದ ಎದ್ದು ನಿಂತಳು. ಮೈಕು ಕೊಡಲಿಲ್ಲ. ಮೂವತ್ತು ವರ್ಷ ಮಕ್ಕಳ ಗದ್ದಲದ ಮೇಲೆ ಮಾತಾಡಿದ ಗಂಟಲಿಗೆ ಮೈಕು ಬೇಕಾಗಲೂ ಇಲ್ಲ. ಅವಳು ಹೇಳಬೇಕಾದ್ದನ್ನು ಹೇಳಿದಳು. ಅಪ್ಪನ ಕೈ, ಅವ್ವನ ಅಳು, ಅಣ್ಣ, ಡ್ರಾ. ಅಣ್ಣನ ಹೆಸರನ್ನು ಮಾತ್ರ ಹೇಳಲಿಲ್ಲ. ಆದರೆ ಹುಬ್ಬಳ್ಳಿಯ ಆಟಗಾರರಿಗೆ ಅದನ್ನು ಹೇಳಬೇಕಾಗಿರಲಿಲ್ಲ.

ಆಮೇಲೆ ಹಿಂದಿನಿಂದ ಒಬ್ಬ ತಂದೆ ಎದ್ದ. “ಹಂಗಾರ ನಮ್ಮ ಹುಡುಗನ ತಲ್ಯಾಗ ನಿಮ್ಮ ಮನಿ ಜಗಳ ಕುಂತೈತೇನ್ರಿ?”

“ಹೌದ್ರಿ,” ಎಂದಳು ಸುಮಂಗಲಾ.

ಮುಂದಿನದೆಲ್ಲ ಬೇಗ ಬೇಗ ನಡೆಯಿತು. ಸಂಸ್ಥೆ ಅವಳಿಗೆ ನೋಟಿಸು ಕಳಿಸಿತು. ‘ಮಾನಸಿಕ ದೋಷ ಮುಚ್ಚಿಟ್ಟು ಪ್ರಯೋಗ ಕೆಡಿಸಿದ ವ್ಯಕ್ತಿ’ ಎಂದು ಪತ್ರಿಕೆಗೆ ಹೇಳಿಕೆ ಕೊಟ್ಟಿತು. ನಫೀಸಾಳನ್ನು ಬೇರೆ ವಿಭಾಗಕ್ಕೆ ಹಾಕಿದರು. ಹೈಸ್ಕೂಲಿನವರು ಈ ವರ್ಷ ಚೆಸ್ ತರಗತಿ ಬೇಡವೆಂದರು. ಆರು ತಿಂಗಳಲ್ಲಿ ಹೊಸ ಪಟ್ಟಿ ಮಾರುಕಟ್ಟೆಗೆ ಬಂತು, ಬೇರೆ ಮಕ್ಕಳು ಅದನ್ನು ಕಟ್ಟಿಕೊಂಡು ಗೆಲ್ಲತೊಡಗಿದರು. ಮೊದಲ ಸಾವಿರದ ನೂರು ಮಕ್ಕಳಿಗೆ ಸಂಸ್ಥೆಯಿಂದ ಒಂದು ಪ್ರಮಾಣಪತ್ರ ಬಂತು.

ಸುಮಂಗಲಾ ಭಾನುವಾರಗಳಂದು ತನ್ನ ಕೋಣೆಯಲ್ಲೇ ಆ ಮಕ್ಕಳಿಗೆ ಆಡಿಸಲು ತೊಡಗಿದಳು. ಬಂದವರು ಇಪ್ಪತ್ತಮೂರು ಜನ. ಪ್ರತಿಯೊಂದು ಆಟವೂ ಗೆಲ್ಲುವ ಸ್ಥಿತಿಯಿಂದಲೇ ಶುರು. ಡ್ರಾ ಕೇಳುವಂತಿಲ್ಲ. ಕೆಲವರು ಬೆವರುತ್ತಿದ್ದರು, ಒಬ್ಬ ಎದ್ದು ಹೋಗಿ ವಾಂತಿ ಮಾಡಿ ಬಂದು ಮತ್ತೆ ಕೂತ. ಇಂಚರಾ ಮೂರು ತಿಂಗಳು ಮೆಟ್ಟಿಲು ಹತ್ತಲಿಲ್ಲ. ನಾಲ್ಕನೆಯ ತಿಂಗಳು ಬಂದು ಬಾಗಿಲ ಬಳಿಯ ಬೋರ್ಡಿನ ಎದುರು ಕೂತಳು. ಅತ್ತೆಯ ಜೊತೆ ಮಾತಾಡಲಿಲ್ಲ. ಆಡಿದಳು.

ಪ್ರಭುಲಿಂಗನಿಗೆ ಮಾತ್ರ ಸಭೆಯ ಮಾತು ಒಳಗೇ ಕೊರೆಯುತ್ತಿತ್ತು. ಪೇಟೆಯಲ್ಲಿ ಹಳೆಯ ಗೆಳೆಯರು ಮುಖ ನೋಡಿ ನಗುತ್ತಿದ್ದಾರೆ ಎಂದು ಅವನಿಗೆ ಅನ್ನಿಸುತ್ತಿತ್ತು. ಒಂದು ಭಾನುವಾರ ಸಂಜೆ ಉಳಿದ ಮಕ್ಕಳೆಲ್ಲ ಹೋದ ಮೇಲೆ ಅವನು ಮೇಲೆ ಬಂದ. ಹಿಂದೆಯೇ ಹೆಂಡತಿ ನೀಲಾಂಬಿಕಾ ಚಹಾ ಹಿಡಿದು ಬಂದಳು. “ಇಂಚರಾ, ಬಾ. ನನ್ನ ಜೊತಿ ಒಂದ್ ಆಟ ಆಡು,” ಎಂದ. “ನಿಮ್ಮಪ್ಪಗ ಆಟ ಬರತೈತೋ ಇಲ್ಲೋ ಎಲ್ಲಾರೂ ನೋಡ್ಲಿ.”

ಎಲ್ಲರೂ ಎಂದರೆ ಮೂವರು. ಅವನು ಬಹಳ ವರ್ಷದ ಮೇಲೆ ಆಡುತ್ತಿದ್ದರೂ ಕೈ ಮರೆತಿರಲಿಲ್ಲ. ಹದಿನೈದು ನಡೆಯವರೆಗೆ ಸಮವಾಗಿಯೇ ಹೋಯಿತು. ಆಮೇಲೆ ಇಂಚರಾ ತನ್ನ ಕುದುರೆಯನ್ನು ಯಾರೂ ಓಡಿಸಲಾಗದ ಒಂದು ಮನೆಯಲ್ಲಿ ತಂದಿಟ್ಟಳು. ಅಲ್ಲಿಂದ ಅಪ್ಪನ ಕಾಯಿಗಳಿಗೆ ಒಂದೊಂದಾಗಿ ಜಾಗ ಇಲ್ಲದಾಯಿತು. ಮೂವತ್ತನೆಯ ನಡೆಯ ಹೊತ್ತಿಗೆ ಆಟ ಯಾರದು ಎಂಬುದು ಸುಮಂಗಲಾಳಿಗೆ ಕಾಣುತ್ತಿತ್ತು. ಹುಡುಗಿಯ ಮೇಲ್ದುಟಿಯ ಮೇಲೆ ಬೆವರಿನ ಹನಿಗಳೂ ಕಾಣುತ್ತಿದ್ದವು.

ಪ್ರಭುಲಿಂಗ ಹಾಸಿನ ಮೇಲೆ ಕೈ ಚಾಚಿದ. ನಕ್ಕ. “ಸಾಕ್ ಬಿಡವಾ. ಸಮಾ ಮಾಡೋಣು.”

ಇಂಚರಾ ಆ ಕೈಯನ್ನು ನೋಡಿದಳು. ಒಮ್ಮೆ ಅತ್ತೆಯ ಕಡೆ ನೋಡಿದಳು. ಸುಮಂಗಲಾ ಕೈಕಟ್ಟಿಕೊಂಡೇ ನಿಂತಿದ್ದಳು.

“ಬ್ಯಾಡ,” ಎಂದಳು ಇಂಚರಾ. ಆನೆಯನ್ನು ಸರಿಸಿದಳು.

ಅವನು ಇನ್ನೂ ಆರು ನಡೆ ಆಡಿದ. ಆರನೆಯದು ಮುಗಿದಾಗ ಸೋಲೊಪ್ಪಿ ರಾಜನನ್ನು ಮಲಗಿಸಲಿಲ್ಲ. ಎದ್ದು, ಚಪ್ಪಲಿ ಮೆಟ್ಟಿ, ಕೆಳಗೆ ಹೋದ. ಕೆಳಗಿನ ಬಾಗಿಲು ಧಡಾರೆಂದಿತು.

ನೀಲಾಂಬಿಕಾ ಆರಿದ ಚಹಾದ ಲೋಟಗಳನ್ನು ಎತ್ತಿಕೊಂಡಳು. ಅವಳಿಗೆ ಸಿಟ್ಟಿರಲಿಲ್ಲ, ದಣಿವಿತ್ತು. “ಸಮಾ ಮಾಡಿದ್ರ ನಿಂದೇನ್ ಗಂಟು ಹೋಗ್ತಿತ್ತವಾ?” ಎಂದಳು ಮಗಳಿಗೆ. “ಇನ್ನ ಎಂಟ್ ದಿನ ಅವರ ಸಿಟ್ಟ ತಡಕೊಂಡು ಈ ಮನ್ಯಾಗ ನಾ ಇರಬೇಕು.”

ಸುಮಂಗಲಾ ಆ ಮಾತು ಕೇಳಿ ತಲೆಯೆತ್ತಿದಳು. ಮಾರನೆಯ ದಿನ ನಫೀಸಾಗೆ ಫೋನ್ ಮಾಡಿ ಹೇಳಿದಳು. “ಡಾಕ್ಟ್ರ, ನಿಮ್ಮ ಯಂತ್ರ ತಪ್ಪು ಕಲ್ತಿರಲಿಲ್ರಿ. ನಮ್ಮಂಥವರ ಮನ್ಯಾಗ ಗೆದ್ರ ಏನಾಗತೈತಿ ಅನ್ನೂದನ್ನ ಖರೇನ ಲೆಕ್ಕ ಹಾಕಿತ್ತು. ನಾವ ಅದನ್ನ ದೋಷ ಅಂದ್ವಿ.” ಆ ಕಡೆಯಿಂದ ನಫೀಸಾ, “ಟೀಚರ್,” ಎಂದಳು.

ವಾರ ಕಳೆಯುವುದರೊಳಗೆ ಪ್ರಭುಲಿಂಗ, ಮೇಲಿನ ಕೋಣೆಗಳು ಬೇಕಾಗಿವೆ ಎಂದು ಹೆಂಡತಿಯ ಕೈಲಿ ಹೇಳಿ ಕಳಿಸಿದ. ಸುಮಂಗಲಾ ಧಾರವಾಡದ ಸಪ್ತಾಪುರದಲ್ಲಿ ಒಂದು ಕೋಣೆ ಹಿಡಿದಳು. ಭಾನುವಾರ ಅಲ್ಲಿಗೆ ಬಸ್ಸಿನಲ್ಲಿ ಬರುವ ಮಕ್ಕಳು ಇಪ್ಪತ್ತಮೂರರಿಂದ ಒಂಬತ್ತಕ್ಕಿಳಿದರು. ಇಂಚರಾಳನ್ನು ಮನೆಯವರು ಕಳಿಸುತ್ತಿರಲಿಲ್ಲ.

ಜನವರಿಯ ಒಂದು ಮಧ್ಯಾಹ್ನ ಫೋನ್ ಬಂತು. ಹಿಂದೆ ಬಸ್ ನಿಲ್ದಾಣದ ಗದ್ದಲ ಕೇಳುತ್ತಿತ್ತು.

“ಅತ್ತಿ, ಬೆಳಗಾವ್ಯಾಗ ಪಂದ್ಯ ಇತ್ತು. ಕಾಲೇಜಿನಿಂದ ಬಂದಿದ್ವಿ. ಐದೂ ಆಟ ಗೆದ್ದೆ.”

ಸುಮಂಗಲಾ ಕುರ್ಚಿಯ ಮೇಲೆ ಕೂತಳು. “ಹೆಂಗ ಅನಿಸ್ತು?”

“ಎರಡ್ ಸಲ ವಾಂತಿ ಆತು. ಕಡೀ ಆಟದಾಗ ಕಣ್ಣ ಕಾಣಲಿಲ್ಲ. ಕೈ ತಾನ ಆಡ್ತು.” ಆ ಕಡೆ ಬಸ್ಸೊಂದು ಹಾರ್ನ್ ಹೊಡೆಯಿತು. “ಅಪ್ಪಗ ಇನ್ನೂ ಹೇಳಿಲ್ಲ. ಟ್ರೋಫಿ ದೊಡ್ಡದೈತಿ, ಚೀಲದಾಗ ಹಿಡಿಯಾಕತ್ತಿಲ್ಲ. ಮನಿಗೆ ಹೋಗಾಕ ಮನಸಿಲ್ಲ ಅತ್ತಿ. ಬಸ್ ಧಾರವಾಡಕ್ಕ ನಿಲ್ಲತೈತಿ. ಇಳೀಲೇನು?”

“ಇಳಿ,” ಎಂದಳು ಸುಮಂಗಲಾ. “ಸ್ಟ್ಯಾಂಡಿನ್ಯಾಗ ನಿಂತಿರ್ತೀನಿ.”

ಅವಳು ಫೋನಿಟ್ಟು, ಬಾಗಿಲಿಗೆ ಬೀಗ ಹಾಕಿದಳು. ಬಸ್ಸು ಬರಲು ಇನ್ನೂ ಎರಡು ತಾಸು ಇದ್ದರೂ ಆಗಲೇ ಹೊರಟುಬಿಟ್ಟಳು.